ಕಾಯಕಯೋಗಿ ಶ್ರೀ ಹರ್ಡೇಕರ ಮಂಜಪ್ಪನವರು

ವೈಶಾಖ ಶುದ್ಧ ತೃತೀಯೆಯ ದಿವಸ ಕನ್ನಡನಾಡಿನ ಊರೂರುಗಳಲ್ಲಿ ಬಸವೇಶ್ವರರ ಭಾವಚಿತ್ರವನ್ನು ಅಲಂಕರಿಸಿ ವಾದ್ಯಗಳೊಡನೆ ಮೆರವಣಿಗೆ ಮಾಡಿಸುವುದು ಈಗಿನ ಭಕ್ತಜನರಿಗೆ ಅನಾದಿಯಿಂದ ನಡೆದುಬಂದ ಆಚಾರವೆಂಬಂತೆ ತೋರುತ್ತದೆ. ಹೊನ್ನೂರು, ಯಳಂದೂರು, ಕೊಳ್ಳೇಗಾಲ, ಹನೂರುಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಬಸವ ಜಯಂತಿಯೆಂದರೆ ಯುಗಾದಿ, ಶಿವರಾತ್ರಿಗಳಂತೆ ವರ್ಷದ ಹಬ್ಬಗಳಲ್ಲೊಂದು. ಆದರೆ ಸಾರ್ವಜನಿಕವಾದ ಜಯಂತಿಯ ರೂಪದಲ್ಲಿ ಈ ಉತ್ಸವವು ಪ್ರಾರಂಭವಾದುದು 1913ನೆಯ ಇಸವಿಯಲ್ಲಿ, ದಾವಣಗೆರೆಯಲ್ಲಿ. ಅದನ್ನು ಮೊದಲುಮಾಡಿದವರು ಇಬ್ಬರು. ಒಬ್ಬರು ವಿರಕ್ತಮಠದ ಪೂಜ್ಯ ಶ್ರೀ ಮೃತ್ಯುಂಜಯ ಸ್ವಾಮಿಗಳವರು. ಮತ್ತೊಬ್ಬರು ಮಠವಿಲ್ಲದ, ಪೀಠವಿಲ್ಲದ, ಪರರಾಜ್ಯದ ಸಂಬಳವನ್ನು ತಾವಾಗಿಯೇ ಬಿಟ್ಟುಬಂದ ಒಬ್ಬ ಬಡ ಉಪಾಧ್ಯಾಯರು. ಈ ಎರಡನೆಯವರೇ ಮುಂದೆ ಕರ್ನಾಟಕ ಗಾಂಧಿಯೆಂದು ಪ್ರಸಿದ್ಧರಾದ ಶ್ರೀ ಹರ್ಡೇಕರ ಮಂಜಪ್ಪನವರು.

ಮಂಜಪ್ಪನವರು 1886ನೆಯ ಇಸವಿ ಫೆಬ್ರವರಿ 18ನೆಯ ತಾರೀಖಿನಲ್ಲಿ ಬನವಾಸಿಯಲ್ಲಿ ಜನಿಸಿದರು. ಬನವಾಸಿಯು ಕದಂಬರ ರಾಜಧಾನಿಯಾಗಿ ಮೆರೆದ ಪುರಾತನ ಪಟ್ಟಣ. ವರದಾನದಿಯ ತೀರದಲ್ಲಿ ಮಧುಕೇಶ್ವರನ ಸನ್ನಿಧಿ. ಕನ್ನಡ ರಾಜ್ಯವು ಮೊದಲು ತಲೆಯೆತ್ತಿದ ಆ ಊರು ಮಂಜಪ್ಪನವರು ಹುಟ್ಟುವ ವೇಳೆಗೆ ಮುಂಬಯಿ ಇಲಾಖೆಯ ಉತ್ತರ ಕನ್ನಡ ಜಿಲ್ಲೆಯ ಮೂಲೆಯಲ್ಲಿನ ಒಂದು ಸಾಮಾನ್ಯ ಗ್ರಾಮವಾಗಿ ಉಳಿದಿತ್ತು. ಮನೆತನವು ಬಡತನದ್ದು. ಆ ಕಾಲದಲ್ಲಿ ಬಡವರ ಮನೆಯ ಬುದ್ಧಿವಂತ ಹುಡುಗನಿಗೆ ತೆರೆದಿದ್ದ ಬಾಗಿಲು ಒಂದೇ: ಮುಲ್ಕೀ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ ಸರಕಾರದ ಕನ್ನಡ ಶಾಲೆಯಲ್ಲಿ ಉಪಾಧ್ಯಾಯನಾಗುವುದು. ಮಂಜಪ್ಪನವರೂ ಆ ಪರೀಕ್ಷೆಯನ್ನು ಮುಗಿಸಿ ಸಿರಸಿಯಲ್ಲಿ ಉಪಾಧ್ಯಾಯರಾದರು. ತಿಂಗಳಿಗೆ 7 ರೂಪಾಯಿ ಸಂಬಳ. ಈಗಿನವರಿಗೆ ಅದು ನಗೆಯನ್ನುಂಟುಮಾಡುವ ಮೊತ್ತವಾದರೂ ಅಂದಿನ ಬಡ ಕುಟುಂಬಕ್ಕೆ ತಪ್ಪದೆ ಬರುವ ಏಳು ರೂಪಾಯಿಯೆಂದರೆ ಮನೆಯ ಒಲೆ ಆರದೆಂಬ ಭರವಸೆ. ಸರಕಾರದ ನೌಕರಿಯೆಂದರೆ ಊರಿನಲ್ಲಿ ಮರ್ಯಾದೆಯೂ ಉಂಟು.

ಅಷ್ಟರಲ್ಲಿ 1905ನೆಯ ಇಸವಿ ಬಂದಿತು. ಆಗಿನ ವೈಸರಾಯಿ ಲಾರ್ಡ್ ಕರ್ಜನ್ನನು ವಂಗದೇಶವನ್ನು ಜನರ ಇಚ್ಛೆಗೆ ವಿರೋಧವಾಗಿ ಎರಡು ಹೋಳುಗಳಾಗಿ ಮಾಡಿದನು. ಇದಕ್ಕೆ ಪ್ರತಿಯಾಗಿ ಹುಟ್ಟಿದ ಸ್ವದೇಶೀ ಚಳವಳಿಯು ಪರದೇಶದ ಅರಿವೆಯನ್ನು ಬಿಡುವುದು, ಸ್ವದೇಶದ ವಸ್ತುಗಳನ್ನೇ ಬಳಸುವುದು, ರಾಷ್ಟ್ರೀಯ ಶಾಲೆಗಳನ್ನು ಕಟ್ಟುವುದು ಎಂಬ ಮಾರ್ಗಗಳಿಂದ ದೇಶದಲ್ಲೆಲ್ಲ ಹಬ್ಬಿತು. ಪುಣೆಯಲ್ಲಿ ಲೋಕಮಾನ್ಯ ತಿಲಕರ ಕೇಸರೀ ಪತ್ರಿಕೆಯು ಈ ಮತವನ್ನು ಉಗ್ರವಾಗಿ ಪ್ರತಿಪಾದಿಸುತ್ತಿದ್ದಿತು. ಮುಂಬಯಿ ಇಲಾಖೆಯ ಕನ್ನಡಿಗರಿಗೆ ಮರಾಠಿಯು ಆಗ ಚೆನ್ನಾಗಿ ಪರಿಚಿತವಾದ ಭಾಷೆಯಾದುದರಿಂದ ಕೇಸರಿಯು ಸಿರಸಿಯಂತಹ ಮಲೆನಾಡಿನ ಊರುಗಳನ್ನೂ ಮುಟ್ಟುತ್ತಿತ್ತು. ಇಪ್ಪತ್ತು ವರ್ಷ ವಯಸ್ಸಿನ ಉಪಾಧ್ಯಾಯರು ಅದನ್ನು ಓದಿದರು. ಓದಿ ಸುಮ್ಮನಿರಲಾರದೆ ಹೋದರು. ಯಾವ ಸರಕಾರದ ನೀತಿಯು ಪ್ರಜೆಗಳ ಕೈಯ ನೂಲನ್ನೂ ಬಾಯ ಮಾತನ್ನೂ ಕಸಿದುಕೊಳ್ಳುವುದೋ ಆ ಸರಕಾರದ ಅನ್ನವನ್ನುಂಡು ಮಕ್ಕಳಿಗೆ ಧರ್ಮವನ್ನು ಬೋಧಿಸುವುದು ಅವರಿಗೆ ಸರಿಯೆಂದು ತೋರಲಿಲ್ಲ. ಕೆಲಸಕ್ಕೆ ರಾಜೀನಾಮೆಯಿತ್ತರು. ಅವರನ್ನು ಯಾರೂ ಕೆಲಸದಿಂದ ತೆಗೆದುಹಾಕಿದುದಲ್ಲ, ಅವರ ಮೇಲೆ ಯಾವ ಆರೋಪವೂ ಬಂದುದಲ್ಲ, ತಾವಾಗಿ ಬಿಟ್ಟರು. ಈ ಬಿಡುವಿಕೆಯೇ ಅವರ ಜೀವಿತದ ಬುನಾದಿ. ಶರಣಧರ್ಮದಲ್ಲಿ ಕಾಯಕವೆಂಬುದು ಕೇವಲ ದುಡಿಮೆಯಲ್ಲ. ಅದು ಶುದ್ಧವಾದ ಮೂಲದಿಂದ ಬಂದಿರಬೇಕು. ಅಶುದ್ಧವಾದ ಸಂಪಾದನೆಯಿಂದ ದಾಸೋಹವು ನಡೆಯದೆಂಬ ಶರಣರ ನಿಷ್ಠುರವಾದ ನಿಯಮವನ್ನು ಮಂಜಪ್ಪನವರು ರಾಜಕೀಯಕ್ಕೂ ಅನ್ವಯಿಸಿದರು.

1906ರಲ್ಲಿ ಅವರು ದಾವಣಗೆರೆಗೆ ಬಂದು ಅಣ್ಣನವರೊಡನೆ ಕೂಡಿ ಧನುರ್ಧಾರಿಯೆಂಬ ವಾರಪತ್ರಿಕೆಯನ್ನು ಪ್ರಾರಂಭಿಸಿದರು. ದಾವಣಗೆರೆಯು ಹತ್ತಿಯ ವ್ಯಾಪಾರದಿಂದ ಬೆಳೆಯುತ್ತಿದ್ದ ಪೇಟೆ. ಮುಂಬಯಿ ಇಲಾಖೆಯ ಗಡಿಗೆ ಹತ್ತಿರವಿದ್ದರೂ ಮೈಸೂರು ಸಂಸ್ಥಾನಕ್ಕೆ ಸೇರಿದುದು. ಆಗಿನ ಕನ್ನಡನಾಡು ಹಲವು ತುಂಡುಗಳಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಹೊನ್ನೂರಿನ ಸುತ್ತಲ ಸೀಮೆಯೇ ಇದಕ್ಕೆ ಉತ್ತಮವಾದ ನಿದರ್ಶನ. ದಿವಾನ್ ಪೂರ್ಣಯ್ಯನವರ ವಂಶಕ್ಕೆ ಜಹಗೀರಾಗಿ ದೊರೆತಿದ್ದ ಯಳಂದೂರು ಮೈಸೂರಿನದು; ಅದಕ್ಕೆ ತಗುಲಿದ ಕೊಳ್ಳೇಗಾಲವಾದರೋ ಮದರಾಸು ಇಲಾಖೆಯ ಕೊಯಮತ್ತೂರು ಜಿಲ್ಲೆಗೆ ಸೇರಿದುದು. ಒಂದೇ ಮಾತು, ಒಂದೇ ಮತ, ಒಂದೇ ಬಳಗದ ಜನರು ಕೆಲವು ಹರದಾರಿಗಳ ಅಂತರದಲ್ಲಿ ಬೇರೆ ಬೇರೆ ಕಾಯಿದೆಗಳಿಗೆ ಒಳಪಟ್ಟಿದ್ದರು. ಮಂಜಪ್ಪನವರ ಪಾಡೂ ಇಂತಹುದೇ: ಹುಟ್ಟಿದುದು ಒಂದು ಸರಕಾರದಲ್ಲಿ, ಪತ್ರಿಕೆ ನಡೆಸಿದುದು ಇನ್ನೊಂದರಲ್ಲಿ. ಎರಡರ ಮೇಲೂ ನೆರಳು ಒಂದೇ ಚಕ್ರಾಧಿಪತ್ಯದ್ದು.

ಪತ್ರಿಕೆಗೆ ಇಟ್ಟ ಹೆಸರನ್ನು ನೋಡಿದರೆ ಆಗ ಅವರ ಮನಸ್ಸು ಎತ್ತ ಹರಿದಿದ್ದಿತೆಂಬುದು ತಿಳಿಯುತ್ತದೆ. ಬಿಲ್ಲು ಹಿಡಿದವನೇ ಧನುರ್ಧಾರಿ. ಕೇಸರಿಯ ವಿಚಾರಗಳನ್ನು ಕನ್ನಡಕ್ಕೆ ತಂದು ಹಳ್ಳಿಯವರೂ ಓದುವಂತೆ ಮಾಡುವುದು ಅದರ ಮುಖ್ಯವಾದ ಕೆಲಸವಾಗಿದ್ದಿತು. ಆದರೆ ಕಾಲವು ಪತ್ರಿಕೆಗಳಿಗೆ ಅನುಕೂಲವಾಗಿರಲಿಲ್ಲ. 1908ರಲ್ಲಿ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಬರ್ಮಾದ ಮಂಡಾಲೆಗೆ ಒಯ್ದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ವೃತ್ತಪತ್ರಿಕೆಗಳ ಮೇಲೆ ಕಠಿನವಾದ ನಿಬಂಧನೆಯು ಜಾರಿಗೆ ಬಂದಿತು. ಸಂಸ್ಥಾನದ ಹಿರಿಯ ಪತ್ರಕರ್ತರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಬ್ರಿಟಿಷ್ ಇಂಡಿಯಾದಲ್ಲಿ 1910ರ ಮುದ್ರಣ ಕಾಯಿದೆಯು ಉಳಿದ ಬಾಯಿಗಳನ್ನೂ ಕಟ್ಟಿತು. ಅಚ್ಚುಕೂಟದ ಬಾಗಿಲಿಗೆ ಪೋಲೀಸಿನವನು ಬರಬಹುದು. ಜನರ ಹೃದಯದ ಬಾಗಿಲಿಗೆ ಬರಲಾರನು. ಮಂಜಪ್ಪನವರ ದೃಷ್ಟಿಯು ಕ್ರಮೇಣ ಪತ್ರಿಕೆಯಿಂದ ಭಜನೆ, ಉಪನ್ಯಾಸ, ಪುರಾಣಶ್ರವಣಗಳ ಕಡೆಗೆ, ಎಂದರೆ ಜನರು ತಾವಾಗಿ ಕೂಡುವ ಸ್ಥಳಗಳ ಕಡೆಗೆ ತಿರುಗಿತು. ಇದೇ ಸಮಯದಲ್ಲಿ ಅವರು ನೈಷ್ಠಿಕ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡರು.

ಬಸವ ಜಯಂತಿಯ ಆಲೋಚನೆಯು ಹುಟ್ಟಿದುದು ಈ ಸಂದರ್ಭದಲ್ಲಿ. ಅದುವರೆಗೆ ಬಸವೇಶ್ವರರು ಭಕ್ತರಿಗೆ ಅಪರಿಚಿತರಾಗಿದ್ದರೆಂದಲ್ಲ. ಭೀಮಕವಿಯ ಬಸವಪುರಾಣವನ್ನು ಶ್ರಾವಣಮಾಸದಲ್ಲಿ ಮಠಮಠಗಳಲ್ಲಿ ಓದಿಸಿ ಅರ್ಥ ಹೇಳಿಸುತ್ತಿದ್ದರು. ನಂದೀಶನ ಅವತಾರವೆಂದು ಪೂಜಿಸುತ್ತಿದ್ದರು. ಆದರೆ ಅವರು ಮನುಷ್ಯರಾಗಿ ಹುಟ್ಟಿ, ಒಬ್ಬ ಅರಸನ ಭಂಡಾರವನ್ನು ಕಾಯ್ದು, ಆ ಅರಸನ ಎದುರಿಗೇ ನ್ಯಾಯವನ್ನು ಹಿಡಿದು ನಿಂತು, ಕಡೆಗೆ ಅಧಿಕಾರವನ್ನು ತೊರೆದು ಹೊರಟವರು ಎಂಬ ಅಂಶವು ಪವಾಡಗಳ ನಡುವೆ ಮರೆಯಾಗಿತ್ತು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಬಿಜ್ಜಳನು ವಿಧಿಸಿದ ದಂಡನೆಯ ಕಥೆಯನ್ನು ಕೇಳಿ ಕಣ್ಣೀರಿಡುತ್ತಿದ್ದ ಭಕ್ತರು ಅದು ರಾಜಾಜ್ಞೆಗೂ ಧರ್ಮಕ್ಕೂ ನಡೆದ ಹೋರಾಟವೆಂದು ಎಣಿಸುತ್ತಿರಲಿಲ್ಲ. ಮಂಜಪ್ಪನವರಿಗೆ ಕಂಡ ಬಸವಣ್ಣನವರು ಈ ಎರಡನೆಯ ಬಸವಣ್ಣನವರು. ಮಹಾರಾಷ್ಟ್ರದಲ್ಲಿ ತಿಲಕರು ಗಣೇಶೋತ್ಸವ, ಶಿವಾಜಿ ಉತ್ಸವಗಳನ್ನು ಮನೆಯಿಂದಲೂ ಕೋಟೆಯಿಂದಲೂ ಹೊರತಂದು ಜನಜಾಗೃತಿಯ ಸಾಧನವಾಗಿ ಮಾಡಿದ್ದುದು ಅವರ ಕಣ್ಣ ಮುಂದೆ ಇದ್ದಿತು. ಮೃತ್ಯುಂಜಯ ಸ್ವಾಮಿಗಳವರ ಆಶ್ರಯವು ದೊರೆಯದಿದ್ದರೆ ಈ ಆಲೋಚನೆಯು ಆಲೋಚನೆಯಾಗಿಯೇ ಉಳಿಯುತ್ತಿದ್ದಿತು. ಸ್ವಾಮಿಗಳವರು ಮುಂದೆ ಧಾರವಾಡದ ಮುರುಘಾಮಠದ ಅಧಿಪತಿಗಳಾಗಿ ಬಡ ವಿದ್ಯಾರ್ಥಿಗಳಿಗೆ ಅನ್ನವಿಕ್ಕಿ ಓದಿಸಿದ ಮಹನೀಯರು. ಸಂಬಳವಿಲ್ಲದ ಒಬ್ಬ ತರುಣನ ಮಾತನ್ನು ಕೇಳಿ ಮಠದ ಬಾಗಿಲನ್ನು ತೆರೆದ ಅವರ ಧೈರ್ಯವೂ ಸಾಮಾನ್ಯವಾದುದಲ್ಲ.

ಏಕೆಂದರೆ ಆ ದಿನಗಳಲ್ಲಿ ವೀರಶೈವ ಸಮಾಜದ ಹಿರಿಯರಲ್ಲಿ ಅನೇಕರ ಎಣಿಕೆಯು ಬೇರೆಯಾಗಿದ್ದಿತು. ಸಮಾಜವು ವಿದ್ಯೆಯಲ್ಲಿ ಹಿಂದುಳಿದಿದೆ. ಶಾಲೆಗಳು ಬೇಕು, ವಿದ್ಯಾರ್ಥಿವೇತನಗಳು ಬೇಕು, ಕಚೇರಿಗಳಲ್ಲಿ ನಮ್ಮವರಿಗೆ ಸ್ಥಾನ ಬೇಕು. ಇವೆಲ್ಲವೂ ಸರಕಾರದ ದಯೆಯಿಂದ ಆಗತಕ್ಕವು. ಆದುದರಿಂದ ಸರಕಾರದ ವಿರೋಧವನ್ನು ಕಟ್ಟಿಕೊಳ್ಳುವುದು ವಿವೇಕವಲ್ಲ ಎಂಬುದು ಅವರ ಅಭಿಪ್ರಾಯ. 1920ರ ಬಳಿಕ ಮುಂಬಯಿ ಇಲಾಖೆಯಲ್ಲಿ ಬ್ರಾಹ್ಮಣೇತರ ಪಕ್ಷವು ಪ್ರಬಲವಾದಾಗ ಸಮಾಜದ ಅನೇಕ ಮುಖಂಡರು ಅದರೊಡನೆ ಸೇರಿ ಕಾಂಗ್ರೆಸ್ಸಿನಿಂದ ದೂರವುಳಿದರು. ಈ ಎಣಿಕೆಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರಿಂದ ಕಟ್ಟಿದ ವಿದ್ಯಾಸಂಸ್ಥೆಗಳಲ್ಲಿ ಓದಿ ಮುಂದೆ ಬಂದವರು ಸಾವಿರಾರು ಮಂದಿ. ಆದರೆ ಮಂಜಪ್ಪನವರು ಆ ದಾರಿಯನ್ನು ಹಿಡಿಯಲಿಲ್ಲ. ಸಮಾಜವು ದೊಡ್ಡದಾಗಬೇಕಾದರೆ ಮೊದಲು ಅಂಜಿಕೆಯನ್ನು ಬಿಡಬೇಕು, ಅಂಜುವವನಿಗೆ ವಿದ್ಯೆಯೂ ಸಂಕೋಲೆಯೇ ಆಗುತ್ತದೆ ಎಂಬುದು ಅವರ ನಡೆಯಿಂದ ತೋರುವ ಸಿದ್ಧಾಂತ. ಸರಕಾರದ ಕಡೆಯಿಂದ ಬರುವ ವಿರೋಧಕ್ಕಿಂತಲೂ ತಮ್ಮವರ ಮೌನವು ಅವರಿಗೆ ಹೆಚ್ಚು ಭಾರವಾಗಿದ್ದಿರಬೇಕು. ಬಸವಭಕ್ತರೆಂದು ಅವರನ್ನು ವೇದಿಕೆಗೆ ಕರೆದವರಲ್ಲಿ ಎಲ್ಲರೂ ಸತ್ಯಾಗ್ರಹಿಯೆಂದು ಕರೆಯಲು ಸಿದ್ಧರಾಗಿರಲಿಲ್ಲ.

ಬಿಲ್ಲಿನಿಂದ ರಾಟೆಗೆ ಅವರು ಬಂದ ಬಗೆಯು ವಿಚಾರಾರ್ಹವಾದುದು. ದಕ್ಷಿಣ ಆಫ್ರಿಕದಲ್ಲಿ ಹಿಂದೂಸ್ಥಾನದವರ ಮೇಲೆ ಹೇರಿದ ಅವಮಾನಕರವಾದ ಕಾಯಿದೆಗಳನ್ನು ಮೋಹನದಾಸ ಗಾಂಧಿಯವರು ಸತ್ಯಾಗ್ರಹದಿಂದ ಎದುರಿಸಿದ ವೃತ್ತಾಂತವು ಅವರ ಮನಸ್ಸನ್ನು ಸೆಳೆಯಿತು. ಗಾಂಧಿಯವರ ಚರಿತ್ರೆಯನ್ನೂ ಸತ್ಯಾಗ್ರಹದ ತತ್ತ್ವವನ್ನೂ ಕನ್ನಡದಲ್ಲಿ ಗ್ರಂಥರೂಪವಾಗಿ ತಿಳಿಸಿದ ಮೊದಲಿಗರಲ್ಲಿ ಮಂಜಪ್ಪನವರು ಒಬ್ಬರು. ಅನ್ಯಾಯದ ಕಾಯಿದೆಯನ್ನು ಬಹಿರಂಗವಾಗಿ ಮೀರುವುದು, ಅದರಿಂದ ಬರುವ ಶಿಕ್ಷೆಯನ್ನು ತಾನು ಅನುಭವಿಸುವುದು, ಎದುರಾಳಿಯ ಮೇಲೆ ಕೈಯೆತ್ತದಿರುವುದು ಎಂಬ ಮೂರು ಅಂಗಗಳಲ್ಲಿ ಅವರಿಗೆ ಹೊಸದೇನೂ ಕಾಣಲಿಲ್ಲ; ಶರಣರ ನಡೆಯೇ ಕಂಡಿತು.

ಪ್ರಜೆಗಳ ವಿರೋಧವು ರಕ್ತದಲ್ಲಿ ಮುಗಿದುದರ ನೆನಪು ಮೈಸೂರು ಸೀಮೆಯ ಮಠಗಳಿಗೆ ಹೊಸದಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ತೆರಿಗೆಗಳ ಭಾರವನ್ನು ತಾಳಲಾರದೆ ರೈತರು ಎದ್ದರೆಂದೂ, ಜಂಗಮರು ಅವರ ಪಕ್ಷವನ್ನು ವಹಿಸಿದರೆಂದೂ, ಅದಕ್ಕಾಗಿ 400ಕ್ಕೂ ಮಿಕ್ಕ ಜಂಗಮರು ನಂಜನಗೂಡಿನಲ್ಲಿ ಹತರಾದರೆಂದೂ, ಅನೇಕ ಮಠಗಳು ನೆಲಸಮವಾದುವೆಂದೂ ಕರ್ನಲ್ ಮಾರ್ಕ್ ವಿಲ್ಕ್ಸನು ತನ್ನ ಮೈಸೂರು ಇತಿಹಾಸದಲ್ಲಿ ಬರೆದಿರುತ್ತಾನೆ. ಈ ವೃತ್ತಾಂತದ ವಿವರಗಳ ವಿಷಯದಲ್ಲಿ ಮುಂದಿನ ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವುಂಟು. ಅದು ಎಷ್ಟುಮಟ್ಟಿಗೆ ನಿಜವೇ ಆಗಿರಲಿ, ಕಂದಾಯದ ವಿಷಯದಲ್ಲಿ ರೈತನ ಪಕ್ಕದಲ್ಲಿ ನಿಂತ ಜಂಗಮನ ಚಿತ್ರವು ಜನರ ನೆನಪಿನಿಂದ ಅಳಿಯಲಿಲ್ಲ. ಮಂಜಪ್ಪನವರ ಕಾಲದಲ್ಲಿಯೂ ಪ್ರಶ್ನೆಯು ಅದೇ: ಅರಸನ ಆಜ್ಞೆಯು ಪ್ರಜೆಗಳ ಹೊಟ್ಟೆಯ ಮೇಲೆ ಬಿದ್ದಾಗ ಧರ್ಮವನ್ನು ಬೋಧಿಸುವವನು ಎಲ್ಲಿ ನಿಲ್ಲಬೇಕು? ಅವರು ನಿಂತ ಸ್ಥಳವು ಜಂಗಮರದೇ. ಹಿಡಿದ ಸಾಧನ ಮಾತ್ರ ನೂಲಿನ ರಾಟೆ.

ಅಸಹಕಾರದ ಚಳವಳಿಯು ದೇಶವನ್ನು ವ್ಯಾಪಿಸಿದ ಮೇಲೆ ಅವರು ಹರಿಹರದಲ್ಲಿ ತುಂಗಭದ್ರೆಯ ತೀರದಲ್ಲಿ ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಖಾದಿಯು ಅವರಿಗೆ ಕೇವಲ ಉಡುಪಾಗಿರಲಿಲ್ಲ. ಕನ್ನಡನಾಡಿನ ಕರಿಯ ಮಣ್ಣಿನಲ್ಲಿ ಬೆಳೆದ ಹತ್ತಿಯು ಹಡಗನ್ನೇರಿ ಪರದೇಶಕ್ಕೆ ಹೋಗಿ, ಅರಿವೆಯಾಗಿ ತಿರುಗಿ ಬಂದು, ಇಲ್ಲಿಯ ನೂಲುವವಳ ಮತ್ತು ನೇಯುವವನ ಅನ್ನವನ್ನು ಕಸಿಯುತ್ತಿದ್ದಿತು. ಕೈಮಗ್ಗದ ಮೇಲೆಯೇ ಮನೆತನಗಳನ್ನು ನಡೆಯಿಸಿದ ಕೊಳ್ಳೇಗಾಲದಂತಹ ನೇಕಾರರ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದ ಅರಿವೆಯನ್ನು ಬಿಟ್ಟರೆ ಸರಕಾರದ ನೀತಿಗೆ ಪೆಟ್ಟು ಬೀಳುತ್ತದೆ. ಮನೆಯಲ್ಲಿ ನೂತರೆ ಬಡವನಿಗೆ ಕಾಯಕವು ದೊರೆಯುತ್ತದೆ. ವಿರೋಧವೂ ಕಾಯಕವೂ ಹೀಗೆ ಒಂದೇ ಎಳೆಯಲ್ಲಿ ಸೇರಿದುದನ್ನು ಕಂಡು ಅವರು ಆ ಎಳೆಯನ್ನು ಕಡೆಯತನಕ ಕೈಬಿಡಲಿಲ್ಲ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆಯು ನೆರೆಯಿತು. ಗಾಂಧೀಜಿಯವರು ಅಧ್ಯಕ್ಷತೆಯನ್ನು ವಹಿಸಿದುದು ಆ ಒಂದು ಅಧಿವೇಶನಕ್ಕೆ ಮಾತ್ರ. ಅಲ್ಲಿಗೆ ಮಂಜಪ್ಪನವರು ಬಸವೇಶ್ವರ ಸೇವಾದಳವೆಂಬ ಸ್ವಯಂಸೇವಕರ ತಂಡವನ್ನು ಕಟ್ಟಿಕೊಂಡು ಹೋದರು. ದೇಶದ ನಾಲ್ಕೂ ಕಡೆಗಳಿಂದ ಬಂದ ಜನರ ನಡುವೆ ಬಸವೇಶ್ವರರ ಹೆಸರನ್ನು ಹೊತ್ತ ದಳವೊಂದು ಸೇವೆಗೆ ನಿಂತುದು ಹೊಸ ಸಂಗತಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಜಾತಿಭೇದವನ್ನು ಅಲ್ಲಗಳೆದು, ದುಡಿಮೆಯನ್ನು ಪೂಜೆಯ ಮಟ್ಟಕ್ಕೇರಿಸಿದ ಮಹಾಪುರುಷರ ವಿಷಯವನ್ನು ಗಾಂಧೀಜಿಯವರ ಗಮನಕ್ಕೆ ತರುವುದರಲ್ಲಿಯೂ ಮಂಜಪ್ಪನವರು ಶ್ರಮಿಸಿದರು. ಫ. ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿಗೆ ತರತೊಡಗಿದ್ದುದೂ ಇದೇ ಸಮಯದಲ್ಲಿ. ಅವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಹೊರಬಿದ್ದಿತು. ಒಬ್ಬರು ತಾಳೆಗರಿಯ ಕಟ್ಟಿನಿಂದ ಶರಣರನ್ನು ಹೊರತಂದರು. ಇನ್ನೊಬ್ಬರು ಅವರನ್ನು ಬೀದಿಗೆ ಕರೆತಂದರು.

1927ರಲ್ಲಿ ಮಂಜಪ್ಪನವರು ಬಿಜಾಪುರ ಜಿಲ್ಲೆಯ ಆಲಮಟ್ಟಿಗೆ ಬಂದು ಕೃಷ್ಣಾನದಿಯ ತೀರದಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಮುಂದಿನ ಇಪ್ಪತ್ತು ವರ್ಷಗಳು ಅವರ ಜೀವಿತವು ಅಲ್ಲಿಯೇ. ಸುತ್ತಲೂ ಮಳೆಯಿಲ್ಲದ ಬಯಲುಸೀಮೆ. ಬರಗಾಲಕ್ಕೆ ಹೆಸರಾದ ಜಿಲ್ಲೆ. ಸರಕಾರದ ಶಾಲೆಯನ್ನು ಬಿಟ್ಟುಬಂದ ಉಪಾಧ್ಯಾಯರು ತಮ್ಮ ಮನಸ್ಸಿಗೆ ಒಪ್ಪುವ ಶಾಲೆಯನ್ನು ಕಟ್ಟುವುದಕ್ಕೆ ಇಪ್ಪತ್ತೊಂದು ವರ್ಷಗಳು ಹಿಡಿದುವು. ಅಲ್ಲಿ ಓದಿನೊಡನೆ ಪ್ರಾರ್ಥನೆ, ನೂಲುವಿಕೆ, ಮೈಮುರಿದು ದುಡಿಯುವಿಕೆಗಳು ಸೇರಿದ್ದುವು. ಸರಕಾರವನ್ನು ಬೈಯುವುದು ಸುಲಭ. ಸರಕಾರದ ಹಂಗಿಲ್ಲದೆ ಹತ್ತು ಮಕ್ಕಳಿಗೆ ಅನ್ನವಿಕ್ಕಿ ಅಕ್ಷರ ಕಲಿಸುವುದು ಎಷ್ಟು ಕಷ್ಟವೆಂಬುದು ಮಠಗಳನ್ನು ನಡೆಸಿದವರಿಗೆ ಗೊತ್ತು. ಭಿಕ್ಷೆಯಿಂದಲೂ ಪುಸ್ತಕಗಳ ಮಾರಾಟದಿಂದಲೂ ಇಂತಹ ಸಂಸ್ಥೆಗಳು ಉಸಿರು ಹಿಡಿಯಬೇಕಾಗಿದ್ದಿತು.

ಬರೆಯುವ ಕೈಯು ನಿಲ್ಲಲಿಲ್ಲ. ಶರಣಸಂದೇಶ, ಖಾದೀವಿಜಯ, ಉದ್ಯೋಗವೆಂಬ ಪತ್ರಿಕೆಗಳನ್ನು ನಡೆಸಿದರು. ಸತ್ಯಾಗ್ರಹ, ಬಸವಚರಿತ್ರೆ, ಸ್ತ್ರೀಯರ ಶಿಕ್ಷಣ, ತರುಣರ ಕರ್ತವ್ಯ, ಬ್ರಹ್ಮಚರ್ಯ ಮೊದಲಾದ ವಿಷಯಗಳ ಮೇಲೆ ಹತ್ತಾರು ಸಣ್ಣ ದೊಡ್ಡ ಗ್ರಂಥಗಳನ್ನು ರಚಿಸಿದರು. ತಮ್ಮ ಮೂವತ್ತು ವರ್ಷಗಳ ಸೇವೆಯ ವೃತ್ತಾಂತವನ್ನೂ ಬರೆದಿಟ್ಟರು. ಅವುಗಳ ಶೈಲಿಯಲ್ಲಿ ಪಾಂಡಿತ್ಯದ ಆಡಂಬರವಿಲ್ಲ. ಕನ್ನಡ ಶಾಲೆಯ ನಾಲ್ಕನೆಯ ತರಗತಿ ಓದಿದವನಿಗೆ ತಿಳಿಯಬೇಕೆಂಬ ಉಪಾಧ್ಯಾಯರ ದೃಷ್ಟಿಯೇ ಅಲ್ಲಿಯದು. ಆ ಸರಳತೆಯಿಂದಾಗಿಯೇ ಸಾಹಿತ್ಯಚರಿತ್ರೆಗಳಲ್ಲಿ ಅವರ ಹೆಸರಿಗೆ ದೊರೆಯಬೇಕಾದಷ್ಟು ಸ್ಥಳವು ದೊರೆತಿಲ್ಲವೇನೋ.

ಉಪ್ಪಿನ ಸತ್ಯಾಗ್ರಹವು 1930ರಲ್ಲಿ ಪ್ರಾರಂಭವಾದಾಗ ಅವರ ಹುಟ್ಟುಜಿಲ್ಲೆಯ ಅಂಕೋಲೆಯು ಕರ್ನಾಟಕದಲ್ಲಿಯೇ ಅದರ ಮುಖ್ಯಕೇಂದ್ರವಾಯಿತು. ಆ ಬಳಿಕ ಅಂಕೋಲೆ, ಸಿದ್ದಾಪುರ, ಸಿರಸಿಗಳ ರೈತರು ಕಂದಾಯವನ್ನು ಕೊಡದೆ, ಹೊಲಮನೆಗಳು ಮುಟ್ಟುಗೋಲಾದರೂ ಹೆದರದೆ ನಿಂತರು. ಹಿಂದೆ ಏಳು ರೂಪಾಯಿಯ ಸಂಬಳವನ್ನು ಮಂಜಪ್ಪನವರು ಒಬ್ಬರೇ ಬಿಟ್ಟುಹೋದ ಸಿರಸಿಯಲ್ಲಿ ಕಾಲು ಶತಮಾನ ಕಳೆಯುವುದರೊಳಗೆ ಮನೆತನಮನೆತನಗಳೇ ಸರ್ವಸ್ವವನ್ನು ಬಿಡಲು ಸಿದ್ಧವಾದುವು. ಇದು ಒಬ್ಬರಿಂದ ಆದುದೆಂದು ಹೇಳಿದರೆ ಅತಿಶಯೋಕ್ತಿಯಾಗುತ್ತದೆ. ಊರೂರಿನ ಎಷ್ಟೋ ಮಂದಿ ಹೆಸರಿಲ್ಲದ ಸೇವಕರು ಆ ನೆಲವನ್ನು ಹದಗೊಳಿಸಿದ್ದರು. ಸಮಾಜದ ಮನಸ್ಸೂ ಈ ಅವಧಿಯಲ್ಲಿ ತಿರುಗಿತು. ಹಿಂದೆ ದೂರವುಳಿದಿದ್ದ ವೀರಶೈವ ತರುಣರು ಗುಂಪುಗುಂಪಾಗಿ ಸ್ವಾತಂತ್ರ್ಯದ ಚಳವಳಿಗೆ ಇಳಿದರು. ಗಾಂಧಿಟೋಪಿಯನ್ನು ಧರಿಸಿದವನು ವಿಭೂತಿಯನ್ನು ಅಳಿಸಬೇಕಾಗಿಲ್ಲ ಎಂಬುದನ್ನು ಅವರಿಗೆ ಮೊದಲು ನಡೆದು ತೋರಿಸಿದವರು ಆಲಮಟ್ಟಿಯ ಬ್ರಹ್ಮಚಾರಿಗಳು.

ಅಧಿಕಾರದ ಸ್ಥಾನಗಳಿಗೆ ಅವರು ಆಸೆಪಡಲಿಲ್ಲ. 1937ರಲ್ಲಿ ಮುಂಬಯಿ ಇಲಾಖೆಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದಾಗಲೂ ಅವರು ಆಲಮಟ್ಟಿಯ ಮಕ್ಕಳೊಡನೆಯೇ ಇದ್ದರು. ಕ್ಷೀಣವಾದ ದೇಹ, ಒರಟು ಖಾದಿ, ಮಿತವಾದ ಆಹಾರ. 1947ನೆಯ ಇಸವಿ ಜನವರಿ 3ನೆಯ ತಾರೀಖಿನಲ್ಲಿ ಅವರು ಲಿಂಗೈಕ್ಯರಾದರು. ವಯಸ್ಸು ಆಗ 60. ಸ್ವಾತಂತ್ರ್ಯದ ದಿನವು ಇನ್ನು ಏಳು ತಿಂಗಳ ದೂರದಲ್ಲಿದ್ದಿತು.

ಅವರು ಪ್ರಾರಂಭಿಸಿದ ಜಯಂತಿಯು ಮುಂದೆ ಕರ್ನಾಟಕ ಸರಕಾರದ ರಜಾದಿನವಾಯಿತು. 2024ರ ಜನವರಿಯಲ್ಲಿ ಸರಕಾರವು ಬಸವೇಶ್ವರರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದೂ ಘೋಷಿಸಿತು. ಸರಕಾರದ ಸಂಬಳವನ್ನು ಬಿಟ್ಟವರು ಮೊದಲುಮಾಡಿದ ಹಬ್ಬಕ್ಕೆ ಸರಕಾರದ ಸಂಬಳದವರೆಲ್ಲರಿಗೂ ಬಿಡುವು ದೊರೆಯುವುದನ್ನು ಕಂಡಿದ್ದರೆ ಮಂಜಪ್ಪನವರು ನಗುತ್ತಿದ್ದರೋ, ಆ ದಿನವೂ ರಾಟೆಯ ಮುಂದೆ ಕುಳಿತುಕೊಳ್ಳಿರೆಂದು ಹೇಳುತ್ತಿದ್ದರೋ! ಆಲಮಟ್ಟಿಯಲ್ಲಿ ಈಗ ಕೃಷ್ಣೆಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ನಿಂತಿದ್ದು, ಹಿಂದೆ ಬರಗಾಲದಿಂದ ಬೇಯುತ್ತಿದ್ದ ಸೀಮೆಗೆ ನೀರು ಹರಿಯುತ್ತಿದೆ. ಅವರ ಕಾಲದಲ್ಲಿ ಬೇರೆ ಬೇರೆ ಸರಕಾರಗಳ ಕೈಯಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದಾಯಿತು. ಮುಂಬಯಿಯ ಕಡೆಯಿಂದ ಬನವಾಸಿಯೂ ಆಲಮಟ್ಟಿಯೂ, ಮದರಾಸಿನ ಕಡೆಯಿಂದ ಕೊಳ್ಳೇಗಾಲವೂ ಆ ಒಂದೇ ದಿವಸ ಮೈಸೂರು ರಾಜ್ಯದೊಳಕ್ಕೆ ಬಂದು ಸೇರಿದುವು.